ರೀಸೆಟ್ ಬಿಡದ ಬೋರ್ಡ್: ಪಿನ್ ಎಳೆದು ಹಿಡಿದಿರುವುದು ಯಾರು?

ಪ್ರಶ್ನೆ: ಎಸ್‌ಟಿಎಂ32ಎಫ್103 ಮೈಕ್ರೋಕಂಟ್ರೋಲರ್ ಚಿಪ್ ಹಾಕಿ ನಾನೇ ಒಂದು ಬೋರ್ಡ್ ಮಾಡಿದ್ದೇನೆ. ಪವರ್ ಎಲ್‌ಇಡಿ ಹತ್ತುತ್ತದೆ, 3.3 ವೋಲ್ಟ್ ಬರುತ್ತಿದೆ. ಆದರೆ ಪ್ರೋಗ್ರಾಂ ಶುರುವೇ ಆಗುವುದಿಲ್ಲ. ರೀಸೆಟ್ ಪಿನ್‌ನಲ್ಲಿ ಯಾವಾಗಲೂ ಸೊನ್ನೆ ವೋಲ್ಟ್. ಚಿಪ್ ಸುಟ್ಟುಹೋಗಿದೆಯಾ? ಬದಲಾಯಿಸಲೇ?

ಉತ್ತರ: ಚಿಪ್‌ಗೆ ಈಗಲೇ ಕೈ ಹಾಕಬೇಡಿ. ಅಷ್ಟೊಂದು ಕಾಲಿನ ಚಿಪ್ ಎಬ್ಬಿಸಲು ಹೋಗಿ ಪ್ಯಾಡ್ ಕಿತ್ತುಬಂದರೆ ಒಂದಿದ್ದ ತೊಂದರೆ ಎರಡಾಗುತ್ತದೆ.

ಈ ಚಿಪ್‌ನ ರೀಸೆಟ್ ಪಿನ್‌ಗೆ ಒಳಗೇ ಸುಮಾರು 40 ಕಿಲೋ ಓಮ್‌ನ ಪುಲ್-ಅಪ್, ಅಂದರೆ ಪಿನ್ನನ್ನು 3.3 ವೋಲ್ಟ್ ಕಡೆ ಎಳೆಯುವ ರೆಸಿಸ್ಟರ್ ಇದೆ. ಅದರ ಪಾಡಿಗೆ ಬಿಟ್ಟರೆ ಪಿನ್ 3.3 ವೋಲ್ಟ್‌ನಲ್ಲೇ ನಿಲ್ಲಬೇಕು. ಪಿನ್ ಸೊನ್ನೆಯಲ್ಲಿ ಇರುವವರೆಗೂ ಚಿಪ್ ಪ್ರೋಗ್ರಾಂ ಓಡಿಸುವುದಿಲ್ಲ. ಸೊನ್ನೆ ತೋರಿಸುತ್ತಿದೆ ಅಂದರೆ ಯಾರೋ ಅದನ್ನು ಗ್ರೌಂಡ್ ಕಡೆ ಎಳೆದು ಹಿಡಿದಿದ್ದಾರೆ. ಯಾರು ಅಂತ ಹುಡುಕಬೇಕು, ಅಷ್ಟೇ. ಸ್ವಿಚ್, ಕೆಪಾಸಿಟರ್, ಸೂಪರ್‌ವೈಸರ್ ಐಸಿ (ವೋಲ್ಟೇಜ್ ಸಾಲದಿದ್ದಾಗ ಚಿಪ್ಪನ್ನು ರೀಸೆಟ್‌ನಲ್ಲಿ ಹಿಡಿದಿಡುವ ಐಸಿ), ಡೀಬಗರ್ (ಪ್ರೋಗ್ರಾಂ ತುಂಬಿ ಪರೀಕ್ಷಿಸುವ ಸಾಧನ), ಇವುಗಳ ಮೇಲೆ ಸಂಶಯ ಸಹಜ. ಚಿಪ್ ತಾನೇ ಎಳೆಯಬಹುದು ಅನ್ನೋದು ಮಾತ್ರ ಬಹಳ ಜನರಿಗೆ ಹೊಳೆಯುವುದಿಲ್ಲ. ಆ ಪಿನ್ ಇನ್‌ಪುಟ್ ಕೂಡ ಹೌದು, ಔಟ್‌ಪುಟ್ ಕೂಡ ಹೌದು.

ಮೊದಲು ಡೀಬಗರ್ ಕೇಬಲ್ ಕಿತ್ತು ನೋಡಿ. ಪವರ್ ಇಲ್ಲದ ಡೀಬಗರ್ ಸುಮ್ನೆ ಕೂತಿದ್ದರೂ ರೀಸೆಟ್ ಲೈನನ್ನು ಕೆಳಗೆ ಎಳೆಯಬಹುದು.

ಆಮೇಲೆ ಮಲ್ಟಿಮೀಟರನ್ನು ಮಿಲಿವೋಲ್ಟ್ ರೇಂಜ್‌ಗೆ ತಂದು, ಕಪ್ಪು ಪ್ರೋಬನ್ನು ಚಿಪ್‌ನ ಹತ್ತಿರದ ಗ್ರೌಂಡ್‌ಗೇ ಇಟ್ಟು ಇನ್ನೊಮ್ಮೆ ಅಳೆಯಿರಿ. ಹೊರಗೆ 10 ಕಿಲೋ ಓಮ್ ಪುಲ್-ಅಪ್ ಇದ್ದರೆ ಅದರಲ್ಲಿ ಹರಿಯುವುದು 0.33 ಮಿಲಿಆಂಪ್. ಅದು ಬಹಳ ಸಣ್ಣ ಕರೆಂಟ್, ಹಾಗಾಗಿ ಸ್ವಿಚ್ ಅಥವಾ ಸಾಲ್ಡರ್ ಶಾರ್ಟ್ ಆಗಿದ್ದರೆ ಮೀಟರ್ ಅಪ್ಪಟ ಸೊನ್ನೆ ತೋರಿಸುತ್ತದೆ. ಯಾವುದಾದರೂ ಐಸಿಯ ಟ್ರಾನ್ಸಿಸ್ಟರ್ ಎಳೆಯುತ್ತಿದ್ದರೆ ಐದೋ ಹತ್ತೋ ಇಪ್ಪತ್ತೋ ಮಿಲಿವೋಲ್ಟ್ ಉಳಿದಿರುತ್ತದೆ. ಇಷ್ಟರಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ಅಪ್ಪಟ ಸೊನ್ನೆ ಬಂದರೆ ನನ್ನ ಮೊದಲ ಸಂಶಯ ಸ್ವಿಚ್ ಮೇಲೆ. ನಾಲ್ಕು ಕಾಲಿನ ಪುಶ್ ಬಟನ್‌ನಲ್ಲಿ ಎರಡೆರಡು ಕಾಲು ಒಳಗೇ ಸೇರಿರುತ್ತವೆ. ಅದನ್ನು 90 ಡಿಗ್ರಿ ತಿರುಗಿಸಿ ಕೂರಿಸಿದರೆ ಬಟನ್ ಸದಾ ಒತ್ತಿದ ಹಾಗೇ ಇರುತ್ತದೆ. ಬೋರ್ಡ್ ಆಫ್ ಮಾಡಿ, ರೀಸೆಟ್ ಪಿನ್ ಮತ್ತು ಗ್ರೌಂಡ್ ನಡುವೆ ಕಂಟಿನ್ಯುಟಿ ನೋಡಿ. ಬೀಪ್ ಬಂದರೆ ಬಟನ್ ಬಿಚ್ಚಿ. ಆಮೇಲೂ ಬೀಪ್ ನಿಲ್ಲದಿದ್ದರೆ ಪಕ್ಕದ 100 ನ್ಯಾನೋಫ್ಯಾರಡ್ ಕೆಪಾಸಿಟರ್ ತೆಗೆದು ನೋಡಿ. ಬಿರುಕು ಬಿಟ್ಟ ಸೆರಾಮಿಕ್ ಕೆಪಾಸಿಟರ್ ಒಳಗೇ ಶಾರ್ಟ್ ಆಗಿರುವುದುಂಟು.

ಮಿಲಿವೋಲ್ಟ್ ಉಳಿದಿದ್ದರೆ ಸೂಪರ್‌ವೈಸರ್ ಕಡೆ ಹೋಗಿ. ಮ್ಯಾಕ್ಸ್809 ಥರದ ಮೂರು ಕಾಲಿನ ಐಸಿ ಹಾಕಿದ್ದೀರಾ? ಅದರ ಹೆಸರಿನಲ್ಲಿ 809ರ ಪಕ್ಕದಲ್ಲೇ ಬರುವ ಅಕ್ಷರ ಬಹಳ ಮುಖ್ಯ. ಪವರ್ ಎಷ್ಟು ವೋಲ್ಟ್ ದಾಟಿದರೆ ಅದು ರೀಸೆಟ್ ಬಿಡುತ್ತದೆ ಅನ್ನೋದನ್ನು ಆ ಅಕ್ಷರ ಹೇಳುತ್ತದೆ. ಟಿ ಅಂದರೆ 3.08 ವೋಲ್ಟ್, ಎಸ್ ಅಂದರೆ 2.93, ಎಲ್ ಅಂದರೆ 4.63. ಎಲ್ ಇರುವುದು 5 ವೋಲ್ಟ್ ಬೋರ್ಡ್‌ಗೆ. 3.3 ವೋಲ್ಟ್ ಬೋರ್ಡ್‌ನಲ್ಲಿ ಕೂತರೆ ಅದು 4.63 ಬರಲಿ ಅಂತ ಕಾಯುತ್ತಲೇ ಇರುತ್ತದೆ, ರೀಸೆಟ್ ಬಿಡುವುದೇ ಇಲ್ಲ. ಮ್ಯಾಕ್ಸ್810 ಇನ್ನೂ ಮೋಸ: ಕಾಲುಗಳ ಜೋಡಣೆ ಅದೇ, ಕೆಲಸ ಉಲ್ಟಾ. ಪವರ್ ಸರಿಯಿದ್ದಾಗ ಅದರ ಔಟ್‌ಪುಟ್ ಲೋ, ಅಂದರೆ ಸೊನ್ನೆಯ ಹತ್ತಿರ. ಮೈಮೇಲೆ ಪುಟ್ಟ ಕೋಡ್ ಮಾತ್ರ ಇರುವುದರಿಂದ ಅಂಗಡಿಯಲ್ಲಿ ಅದಲುಬದಲಾದರೂ ಗೊತ್ತಾಗುವುದಿಲ್ಲ. ಎರಡನೇ ಕಾಲು, ಅಂದರೆ ರೀಸೆಟ್ ಕಾಲನ್ನು ಮಾತ್ರ ಬಿಸಿ ಮಾಡಿ ಎತ್ತಿ. ಬೋರ್ಡ್ ಎದ್ದರೆ ಅಪರಾಧಿ ಸಿಕ್ಕ ಹಾಗೆ. ಅದರ ಬದಲು ರೀಸೆಟ್ ಪಿನ್‌ಗೆ ನೇರವಾಗಿ 3.3 ವೋಲ್ಟ್ ತಂತಿ ಮುಟ್ಟಿಸಬೇಡಿ. ಎಳೆಯುತ್ತಿರುವ ಐಸಿ ಮೂಲಕ ಜಾಸ್ತಿ ಕರೆಂಟ್ ಹರಿದು ಅದೂ ಹೋದೀತು.

ಐಸಿ ಸರಿಯಾದದ್ದೇ ಇದ್ದರೂ ಒಂದು ಅನುಮಾನ ಉಳಿಯುತ್ತದೆ. 3.3 ಬರುತ್ತಿದೆ ಅಂತ ಬರೆದಿದ್ದೀರಿ. ಅದು ನಿಜಕ್ಕೂ 3.3 ಇದೆಯಾ, ಅಥವಾ 3.05 ಇದೆಯಾ? 3.05 ಆದರೆ ಟಿ ಸೂಪರ್‌ವೈಸರ್ ಬಿಡುವುದಿಲ್ಲ, ಅದು ತಪ್ಪೂ ಅಲ್ಲ. 5 ವೋಲ್ಟನ್ನು 3.3ಕ್ಕೆ ಇಳಿಸಲು ಎಎಂಎಸ್1117 ರೆಗ್ಯುಲೇಟರ್ ಹಾಕಿದ್ದರೆ ಅದಕ್ಕೆ ಔಟ್‌ಪುಟ್‌ಗಿಂತ 1 ವೋಲ್ಟ್‌ಗೂ ಮೇಲೆ ಇನ್‌ಪುಟ್ ಬೇಕು. ಸಣ್ಣ ತಂತಿಯ ಯುಎಸ್‌ಬಿ ಕೇಬಲ್, ಅದರ ಮುಂದೆ ಒಂದು ಡಯೋಡ್ ಇದ್ದರೆ 5 ವೋಲ್ಟ್ ಅಲ್ಲಿಗೆ ತಲುಪುವಷ್ಟರಲ್ಲಿ ಸೊರಗಿರುತ್ತದೆ.

ಇವೆಲ್ಲ ಬಿಚ್ಚಿದ ಮೇಲೂ ಪಿನ್ ಕೆಳಗೇ ಇದ್ದರೆ ಎಳೆಯುತ್ತಿರುವುದು ಚಿಪ್ಪೇ. ಆಗಲೂ ಸುಟ್ಟಿದೆ ಅಂತಲ್ಲ. ವಿಡಿಡಿಎ ಕಾಲಿಗೆ, ಅಂದರೆ ಚಿಪ್‌ನ ಅನಲಾಗ್ ಭಾಗಕ್ಕೆ ಪವರ್ ಕೊಡುವ ಕಾಲಿಗೆ, 3.3 ಇದೆಯಾ ನೋಡಿ. ಅನಲಾಗ್ ಬಳಸುತ್ತಿಲ್ಲ ಅಂತ ಅದನ್ನು ಖಾಲಿ ಬಿಟ್ಟರೆ ಚಿಪ್ ರೀಸೆಟ್‌ನಿಂದ ಹೊರಗೇ ಬರುವುದಿಲ್ಲ. ಮೀಟರ್‌ನಲ್ಲಿ ಸೊನ್ನೆಯೂ ಅಲ್ಲದ, 3.3ಕ್ಕೂ ಕಡಿಮೆಯ ಸಂಖ್ಯೆ ಓಲಾಡುತ್ತಿದ್ದರೆ ಆಸಿಲೋಸ್ಕೋಪ್ ಹಿಡಿಯಿರಿ. ಪಲ್ಸ್ ಮೇಲೆ ಪಲ್ಸ್ ಕಂಡರೆ ವಾಚ್‌ಡಾಗ್ (ಪ್ರೋಗ್ರಾಂ ಸಿಕ್ಕಿಕೊಂಡರೆ ಚಿಪ್ ರೀಸೆಟ್ ಮಾಡುವ ಟೈಮರ್) ಪದೇ ಪದೇ ರೀಸೆಟ್ ಮಾಡುತ್ತಿದೆ, ಅಥವಾ ಪವರ್ ಕುಸಿದು ಏಳುತ್ತಿದೆ. ವಿಡಿಡಿಎ ಸರಿಯಿದ್ದು, ಹೊರಗಿನದೆಲ್ಲ ತೆಗೆದು, ಪಿನ್ ಇನ್ನೂ ಅಲ್ಲಾಡದೆ ಕೂತಿದ್ದರೆ ಮಾತ್ರ ಹೊಸ ಚಿಪ್ ತನ್ನಿ.