ಆ ಗಂಟನ್ನು ಬಿಸಾಡುವ ಮೊದಲು

ಬೆಳಿಗ್ಗೆ ಆರೂವರೆಗೆ ಮಂಗಳೂರಿನ ಹಂಪನಕಟ್ಟೆಯಿಂದ ಸ್ಟೇಟ್‌ಬ್ಯಾಂಕ್ ತನಕ ಒಮ್ಮೆ ನಡೆದು ನೋಡಿ. ರಾತ್ರಿ ಅಂಗಡಿ ಜಗಲಿಗಳಲ್ಲಿ ಮಲಗಿದ್ದವರು ಅಷ್ಟೊತ್ತಿಗೆ ಎದ್ದು ಹೋಗಿರುತ್ತಾರೆ. ದಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಮೀನಿನ ಬುಟ್ಟಿ ಹೊರುವವರಂತೂ ನಾಲ್ಕಕ್ಕೇ ಹೊರಟಾಗಿರುತ್ತದೆ. ಶಟರಿನ ಮೂಲೆಯಲ್ಲೋ, ಕರೆಂಟಿನ ಮೀಟರ್ ಪೆಟ್ಟಿಗೆಯ ಅಡಿಯಲ್ಲೋ ಒಂದು ಗಂಟು ಉಳಿದಿರುತ್ತದೆ. ಹಳೇ ಬೆಡ್‌ಶೀಟಿನಲ್ಲಿ ಕಟ್ಟಿದ್ದು, ಬದಿಗೊಂದು ನೀರಿನ ಬಾಟಲಿ ಸಿಕ್ಕಿಸಿದ್ದು, ಅಡಿಯಲ್ಲಿ ಮಡಚಿದ ರಟ್ಟು. ಅಂಗಡಿ ಗುಡಿಸುವ ಹುಡುಗ ಅದನ್ನು ಕಾಲಿನಲ್ಲಿ ರಸ್ತೆ ಬದಿಗೆ ನೂಕುತ್ತಾನೆ. ಸ್ವಲ್ಪ ಹೊತ್ತಿಗೆ ಕಸದ ಗಾಡಿ ಬರುತ್ತದೆ. ಮಧ್ಯಾಹ್ನದ ಒಳಗೆ ಗಂಟು ಪಚ್ಚನಾಡಿಯ ಕಸದ ರಾಶಿ ಸೇರಿರುತ್ತದೆ.

ಈ ಸಲದ ಅಂಕಣದಲ್ಲಿ ಹೇಳಲಿಕ್ಕಿರುವುದು ಇಷ್ಟೇ: ಆ ಗಂಟನ್ನು ಬಿಸಾಡಬೇಡಿ. ಅಷ್ಟಕ್ಕೆ ಇಷ್ಟುದ್ದ ಬರೆಯಬೇಕಾ ಎಂದರೆ, ಬೇಕು. ಹೇಳಿದಾಗ ಎಲ್ಲರೂ ತಲೆಯಾಡಿಸುತ್ತಾರೆ, ಮರುದಿನ ಬೆಳಿಗ್ಗೆ ಗಂಟು ಇರುವುದಿಲ್ಲ. ಬಿಸಾಡಿದವರೇ ತಿಂಗಳು ಬಿಟ್ಟು, ವಸತಿರಹಿತರ ನಡುವೆ ಕೆಲಸ ಮಾಡುವ ನಮಗೆ ಫೋನ್ ಮಾಡಿ, "ಆ ಜನ ಇನ್ನೂ ಇಲ್ಲೇ ಉಂಟಲ್ಲ ಮಾರಾಯ್ರೆ, ನೀವು ಎಂತ ಮಾಡ್ತಾ ಇದ್ದೀರಿ?" ಎಂದು ಕೇಳುತ್ತಾರೆ. ಆ ಜನ ಇನ್ನೂ ಅಲ್ಲೇ ಇರುವುದಕ್ಕೆ ಅರ್ಧ ಕಾರಣ ಆ ಗಂಟು ಹೋದದ್ದು.

ಬಿಚ್ಚಿ ನೋಡಿದರೆ ಮೇಲುಗಡೆ ಎರಡು ಅಂಗಿ, ಲುಂಗಿ, ಬೈರಾಸು, ಸ್ಟೀಲಿನ ಬಟ್ಟಲು, ಬೀಡಿ ಕಟ್ಟು. ನಾತ ಬರುತ್ತದೆ, ಇಲ್ಲ ಎನ್ನುವುದಿಲ್ಲ. ನೋಡುವವರು ಅಲ್ಲಿಗೇ ನಿಲ್ಲಿಸುತ್ತಾರೆ. ಬೇಕಾದದ್ದೆಲ್ಲ ಇರುವುದು ನಟ್ಟನಡುವೆ, ಅಂಗಿಯೊಳಗೆ ಅಂಗಿ ಸುತ್ತಿ, ಹಾಲಿನ ಪ್ಯಾಕೆಟಿನ ಪ್ಲಾಸ್ಟಿಕ್ಕಿನಲ್ಲಿ ಮಡಚಿಟ್ಟ ಕಟ್ಟಿನಲ್ಲಿ. ಆಧಾರಿನ ಜೆರಾಕ್ಸು, ಬ್ಯಾಂಕಿನ ಪಾಸ್‌ಬುಕ್ಕು, ಕಟ್ಟಡ ಕಾರ್ಮಿಕರ ಕಾರ್ಡು, ವೆನ್ಲಾಕ್ ಆಸ್ಪತ್ರೆಯ ಚೀಟಿ, ಅರ್ಧ ಮುಗಿದ ಮಾತ್ರೆಯ ಸ್ಟ್ರಿಪ್ಪು, ಮಗಳ ಒಂದು ಪಾಸ್‌ಪೋರ್ಟ್ ಸೈಜಿನ ಫೋಟೊ, ಊರಿನ ಯಾರದೋ ಫೋನ್ ನಂಬರು ಬರೆದ ಕಾಗದದ ತುಂಡು. ಎಲ್ಲ ಗಂಟುಗಳಲ್ಲೂ ಎಲ್ಲವೂ ಇರುವುದಿಲ್ಲ. ಆದರೆ ಇದರಲ್ಲಿ ಒಂದೂ ಇಲ್ಲದ ಗಂಟು ಅಪರೂಪ.

"ಆಧಾರ್ ಹೋದರೆ ಇನ್ನೊಂದು ತೆಗೆಸಿದರಾಯ್ತಲ್ಲ" ಎನ್ನುವವರಿಗೆ ಸ್ವಲ್ಪ ಬಿಡಿಸಿಯೇ ಹೇಳಬೇಕು. ನೀವು ತೆಗೆಸುವುದು ಮೊಬೈಲಿಗೆ ಬರುವ ಒಟಿಪಿಯಿಂದ. ರಸ್ತೆಯಲ್ಲಿ ಮಲಗುವವರ ಜೇಬಿನಿಂದ ಮೊದಲು ಕಳವಾಗುವುದೇ ಮೊಬೈಲು, ಅದರ ಜೊತೆ ಸಿಮ್ಮೂ ಹೋಯಿತು. ಅಂಚೆಯಲ್ಲಿ ಕಾರ್ಡು ತರಿಸೋಣವೆಂದರೆ ಅದು ನೋಂದಣಿಯಾದ ವಿಳಾಸಕ್ಕೆ, ಅಂದರೆ ಬಾಗಲಕೋಟೆಯದೋ ಕೊಪ್ಪಳದ್ದೋ ಹಳ್ಳಿಗೆ ಹೋಗುತ್ತದೆ. ಇನ್ನು ಉಳಿದದ್ದು ಕೇಂದ್ರಕ್ಕೆ ಹೋಗಿ ಬೆರಳೊತ್ತುವುದು. ವರ್ಷಗಟ್ಟಲೆ ಸಿಮೆಂಟು ಕಲಸಿದ, ಐಸ್ ಹೊತ್ತ ಕೈಯ ಗೆರೆ ಸವೆದಿರುತ್ತದೆ, ಯಂತ್ರ ಒಪ್ಪುವುದಿಲ್ಲ. ಕಣ್ಣಿನ ಪಾಪೆ ತೋರಿಸಬೇಕು, ಒಂದೇ ಸಲಕ್ಕೆ ಆಗುತ್ತದೆಂಬ ಖಾತ್ರಿಯಿಲ್ಲ. ಇಷ್ಟಕ್ಕೆ ಎರಡು ಮೂರು ದಿನದ ಕೂಲಿ ಹೋಗುತ್ತದೆ. ಆಧಾರ್ ಸಂಖ್ಯೆ ಇರುವ ಒಂದು ಹರಿದ ಜೆರಾಕ್ಸ್ ಕೈಯಲ್ಲಿದ್ದರೆ ಇದರಲ್ಲಿ ಎಷ್ಟೋ ಸುತ್ತಾಟ ತಪ್ಪುತ್ತದೆ. ಕಟ್ಟಡ ಕಾರ್ಮಿಕರ ಕಾರ್ಡಿನದು ಇನ್ನೂ ಕಷ್ಟ. ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಕೆಲಸ ಕೊಟ್ಟ ಮೇಸ್ತ್ರಿ ಈಗ ಯಾವ ಸೈಟಿನಲ್ಲಿದ್ದಾನೆಂದು ಯಾರಿಗೆ ಗೊತ್ತು?

ಮಾತ್ರೆಯ ವಿಷಯ ಇದಕ್ಕಿಂತ ಗಂಭೀರ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ದಿನವೂ ಮದ್ದು: ಮೊದಲ ಎರಡು ತಿಂಗಳು ನಾಲ್ಕು ಔಷಧ, ಆಮೇಲಿನ ನಾಲ್ಕು ತಿಂಗಳು ಮೂರು. ಸ್ಟ್ರಿಪ್ಪು ಕಸಕ್ಕೆ ಹೋದರೆ ಆತ ಮರುದಿನವೇ ಆಸ್ಪತ್ರೆಗೆ ಹೋಗಿ "ಮದ್ದು ಕಳೆದುಹೋಯಿತು" ಎಂದು ಹೇಳುವುದಿಲ್ಲ. ಬೈಸಿಕೊಳ್ಳಬೇಕಾಗುತ್ತದೆಂಬ ಹೆದರಿಕೆಗೆ ಹದಿನೈದು ದಿನ ಅತ್ತ ಸುಳಿಯುವುದೇ ಇಲ್ಲ. ನಡುವೆ ಬಿಟ್ಟ ಮದ್ದಿಗೆ ರೋಗಾಣು ಬಗ್ಗದಂತಾದರೆ ಅದು ಅವನೊಬ್ಬನ ಸಮಸ್ಯೆಯಾಗಿ ಉಳಿಯುವುದಿಲ್ಲ, ಅದೇ ಗಾಳಿಯನ್ನು ನಿಮ್ಮ ಅಂಗಡಿಯವರೂ ಉಸಿರಾಡುತ್ತಾರೆ. ಮೂರ್ಛೆರೋಗದ ಮಾತ್ರೆ ಒಮ್ಮೆಲೇ ನಿಂತರೆ ಫಿಟ್ಸ್ ಬರಬಹುದು, ಜಗಲಿಯ ಮೆಟ್ಟಿಲ ಮೇಲೆಯೇ ಬರಬಹುದು. ಮಾನಸಿಕ ಕಾಯಿಲೆಯ ಮಾತ್ರೆ ನಿಂತರೆ ಎರಡು ಮೂರು ವಾರ ಏನೂ ಕಾಣದೆ, ಆಮೇಲೆ ಒಂದು ರಾತ್ರಿ ಬೊಬ್ಬೆ ಶುರುವಾಗುವುದುಂಟು. ಆಗ "ಇಷ್ಟು ದಿನ ಸರಿಯಾಗಿದ್ದ, ಈಗ ತಲೆ ಕೆಟ್ಟಿದೆ" ಎಂದು ಫೋನು ಬರುತ್ತದೆ. ಮಾತ್ರೆ ತಪ್ಪಿದ್ದೊಂದೇ ಕಾರಣ ಎಂದು ಯಾರೂ ಖಂಡಿತವಾಗಿ ಹೇಳಲಾರರು. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಅದು.

ಗಂಟಿನ ಇನ್ನೊಂದು ಉಪಯೋಗ ಪೊಲೀಸರಿಗೂ ಎಷ್ಟೋ ಸಲ ಹೊಳೆಯುವುದಿಲ್ಲ. ಮಂಗಳೂರು ಸೆಂಟ್ರಲ್ಲಿಗೆ ಬಂದ ಹೆಚ್ಚಿನ ರೈಲುಗಳು ಅಲ್ಲಿಗೇ ಮುಗಿಯುತ್ತವೆ, ಒಳಗಿದ್ದವರು ಇಳಿಯಲೇಬೇಕು. ಎಲ್ಲಿ ಹತ್ತಿದ್ದೆಂದು ನೆನಪಿಲ್ಲದೆ ಬಂದು ಇಳಿದವರು ನಮ್ಮ ರಸ್ತೆಗಳಲ್ಲಿ ಕಾಣಸಿಗುವುದು ಹೀಗೆ. ಮಾನಸಿಕ ಅಸ್ವಸ್ಥತೆಯಿಂದ ಅಲೆಯುತ್ತಿರುವವರನ್ನು ರಕ್ಷಣೆಗೆ ತೆಗೆದುಕೊಂಡು, ತಡವೆಂದರೆ 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 100ನೇ ಕಲಮಿನಂತೆ ಪೊಲೀಸರ ಹೊಣೆ. ಲಾಕಪ್ಪಿನಲ್ಲಿ ಇಡುವಂತಿಲ್ಲ. ಕಾಣೆಯಾದವರ ಪ್ರಕರಣ ದಾಖಲಿಸಿ ಮನೆಯವರನ್ನು ಹುಡುಕಬೇಕೆಂದೂ ಅದೇ ಕಲಮು ಹೇಳುತ್ತದೆ. ಹುಡುಕುವುದು ಯಾವುದರಿಂದ? ಹೆಸರು ಹೇಳದವರ ಊರು ಹೇಳುವುದು ಅವರ ಬಟ್ಟೆ. ಅಂಗಿಯ ಕಾಲರಿನ ಒಳಗೆ ಟೈಲರು ಹೊಲಿದ ಪಟ್ಟಿಯಲ್ಲಿ ಊರ ಹೆಸರಿರುತ್ತದೆ. ಬಟ್ಟೆಯಂಗಡಿಯ ಕೈಚೀಲದಲ್ಲಿ ಫೋನ್ ನಂಬರೇ ಅಚ್ಚಾಗಿರುತ್ತದೆ, ಇದರಷ್ಟು ಉಪಕಾರದ ವಸ್ತು ಇನ್ನೊಂದಿಲ್ಲ. ಮೆಡಿಕಲ್ ಶಾಪಿನ ಸೀಲು, ಯಾವುದೋ ಡಿಪೋದ ಬಸ್ ಟಿಕೆಟು, ಬಟ್ಟಲಿನ ಅಂಚಿನಲ್ಲಿ ಕೊರೆದ ಹೆಸರು ಕೂಡ ದಾರಿ ತೋರಿಸುತ್ತವೆ. ಎಲ್ಲೆಲ್ಲಿಂದಲೋ ಬಂದವರನ್ನು ಚಿಕಿತ್ಸೆಯ ನಂತರ ಮನೆ ಸೇರಿಸುವ ಕೆಲಸಕ್ಕೆ ಮುಂಬಯಿಯ ಮನೋವೈದ್ಯ ಭರತ್ ವಟವಾನಿ ಅವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪ್ರಶಸ್ತಿಯ ಸುದ್ದಿಯನ್ನು ಎಲ್ಲರೂ ಹಂಚಿಕೊಂಡರು, ಕಾಲರಿನ ಪಟ್ಟಿಯನ್ನು ಓದುವ ಅಭ್ಯಾಸ ಮಾತ್ರ ಯಾರಿಗೂ ಆಗಲಿಲ್ಲ.

ಇಲ್ಲಿ ಸ್ವಲ್ಪ ಸಿಟ್ಟಿನ ಮಾತು. ರಸ್ತೆ ಬದಿಯಲ್ಲಿ ಕೂರಿಸಿ ತಲೆ ಬೋಳಿಸಿ, ಸ್ನಾನ ಮಾಡಿಸಿ, ಹಳೆಯ ಬಟ್ಟೆ ಗಂಟು ಎಲ್ಲ ಸುಟ್ಟು, ಹೊಸ ಅಂಗಿ ತೊಡಿಸಿ ವಿಡಿಯೋ ಹಾಕುವ ಯುವಕರಿದ್ದಾರೆ. ಮನಸ್ಸು ಒಳ್ಳೆಯದೇ. ಆದರೆ ಬಲವಂತದಿಂದ ತಲೆ ಬೋಳಿಸುವಂತಿಲ್ಲವೆಂದು ಅದೇ ಕಾಯ್ದೆ ಮಾನಸಿಕ ಆಸ್ಪತ್ರೆಗಳಿಗೆ ಹೇಳಿದೆ. ಆಸ್ಪತ್ರೆಗೇ ಇಲ್ಲದ ಅಧಿಕಾರ ನಿಮಗೆ ಎಲ್ಲಿಂದ ಬಂತು? ಮನೆಯವರ ಹತ್ತಿರ ಇರುವ ಫೋಟೊದಲ್ಲಿ ಗಡ್ಡ ತಲೆಕೂದಲು ಇರುತ್ತದೆ, ನಿಮ್ಮ ವಿಡಿಯೋದಲ್ಲಿ ಇರುವುದಿಲ್ಲ. ಗುರುತು ಹಿಡಿಸುವ ಬಟ್ಟೆ ಬೂದಿಯಾಗಿರುತ್ತದೆ. ಸ್ನಾನ ಮಾಡಿಸುವುದೇ ಆದರೆ ಮೊದಲು ಆಸ್ಪತ್ರೆ, ಆಮೇಲೆ ಅವರು ಒಪ್ಪಿದರೆ ಸ್ನಾನ. ಬಟ್ಟೆಯನ್ನು ಒಂದು ಗೋಣಿಗೆ ತುಂಬಿ ಜೊತೆಗೇ ಕಳಿಸಿ.

ಗಂಟನ್ನು ಬೇಡವೆನ್ನುವುದು ಅಂಗಡಿಯವರು ಮಾತ್ರ ಅಲ್ಲ. ವಸತಿರಹಿತರ ರಾತ್ರಿ ಆಶ್ರಯ ಕೇಂದ್ರಗಳಲ್ಲೂ "ಆ ಕೊಳಕು ಹೊರಗಿಟ್ಟು ಬಾ" ಎನ್ನುವ ಮಾತು ಕೇಳುತ್ತದೆ. ರಾತ್ರಿ ಹತ್ತರ ಮೇಲೆ ಹೋಗಿ ಕರೆದಾಗ ಹೆಚ್ಚಿನವರ ಮೊದಲ ಪ್ರಶ್ನೆ ಊಟದ್ದಲ್ಲ, "ಸಾಮಾನು ಎಲ್ಲಿ ಇಡೋದು ಸಾರ್?" ಎಂಬುದು. ಅದಕ್ಕೆ ಉತ್ತರವಿಲ್ಲದಿದ್ದರೆ ಅವರು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆಶ್ರಯ ಕೇಂದ್ರಕ್ಕೆ ಯಾರನ್ನೂ ಹೊತ್ತು ತರುವಂತಿಲ್ಲ. ಭಿಕ್ಷಾಟನೆ ತಡೆಯ 1975ರ ರಾಜ್ಯ ಕಾಯ್ದೆಯಡಿ ಭಿಕ್ಷೆ ಬೇಡುವವರನ್ನು ಹಿಡಿದು ತಂದಿಡುವ ನಿರಾಶ್ರಿತರ ಪರಿಹಾರ ಕೇಂದ್ರ ಬೇರೆ, ನಿಮ್ಮ ಆಸ್ತಿ ತೆರಿಗೆಯ ಜೊತೆ ಹೋಗುವ ಶೇ. 3ರ ಉಪಕರ ಅದಕ್ಕೆ. ಅದೂ ಪಚ್ಚನಾಡಿಯಲ್ಲೇ ಇದೆ. ಕಸವನ್ನೂ ಮನುಷ್ಯರನ್ನೂ ಒಂದೇ ದಿಕ್ಕಿಗೆ ಕಳಿಸಿ ಕೈ ತೊಳೆದುಕೊಳ್ಳುವ ಊರಿದು, ಇರಲಿ.

ಕೇಂದ್ರ ನಡೆಸುವವರಿಗೆ ಲೆಕ್ಕ ಹೀಗೆ. 2024ರವರೆಗಿದ್ದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಆಶ್ರಯ ಯೋಜನೆಯಲ್ಲಿ ಒಬ್ಬರಿಗೆ ಕನಿಷ್ಠ 50 ಚದರಡಿ ಜಾಗ ಎಂದಿತ್ತು. ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ಕಬ್ಬಿಣದ ಪೆಟ್ಟಿಗೆಯಲ್ಲಿ ಸಾಮಾನ್ಯ ಗಂಟು ಹಿಡಿಸುತ್ತದೆ. ಅದು ನುಂಗುವುದು ಎರಡೂಕಾಲು ಚದರಡಿ. ಮೂರು ಪೆಟ್ಟಿಗೆ ಒಂದರ ಮೇಲೊಂದು ಇಟ್ಟರೆ ಒಬ್ಬರಿಗೆ ಒಂದು ಚದರಡಿಯೂ ಬೀಳುವುದಿಲ್ಲ. ಬೀಗ ಅವರದ್ದೇ ಇರಲಿ, ಒಂದು ಕೀ ಕಚೇರಿಯಲ್ಲಿ ಸಹಿ ಮಾಡಿಸಿಕೊಂಡು ಇಟ್ಟುಕೊಳ್ಳಿ. ಹೆಚ್ಚಿನ ಕಡೆ ಕೆಡುವುದು ಪೆಟ್ಟಿಗೆಯಲ್ಲಲ್ಲ, ಸಮಯದಲ್ಲಿ. ಸಾಮಾನಿನ ಕೋಣೆಯ ಕೀ ಇರುವವರು ಒಂಬತ್ತಕ್ಕೆ ಬಂದರೆ, ನಾಲ್ಕಕ್ಕೆ ದಕ್ಕೆಗೆ ಹೋಗಬೇಕಾದವನಿಗೆ ಅದು ಇದ್ದೂ ಇಲ್ಲದ ಹಾಗೆ. ಎರಡು ದಿನ ನೋಡುತ್ತಾನೆ, ಮೂರನೇ ದಿನ ಗಂಟು ಎತ್ತಿಕೊಂಡು ಜಗಲಿಗೆ ವಾಪಸ್.

ತಿಗಣೆಯ ಹೆದರಿಕೆ ನ್ಯಾಯವಾದದ್ದು. ಒಂದು ಗಂಟಿನಿಂದ ಇಡೀ ಕೋಣೆಗೆ ಹತ್ತುತ್ತದೆ. ಬಿಸಿಲಿಗೆ ಹಾಕಿದರೆ ಸಾಯುತ್ತದೆಂದು ನಂಬಬೇಡಿ, ಮಳೆಗಾಲದಲ್ಲಂತೂ ಬಿಸಿಲೇ ಇಲ್ಲ. ಬಂದ ಕೂಡಲೇ, ಅವರ ಕಣ್ಣೆದುರಿಗೇ ಬಿಚ್ಚಿ, ಕಾಗದ ಮಾತ್ರೆ ಫೋಟೊಗಳನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿಗೆ ಹಾಕಿ ಅವರ ಕೈಗೇ ಕೊಡಿ. ಬಟ್ಟೆಯನ್ನು 60 ಡಿಗ್ರಿ ಬಿಸಿ ನೀರಿನಲ್ಲಿ ಒಗೆದರೆ ತಿಗಣೆಯೂ ಅದರ ಮೊಟ್ಟೆಯೂ ಉಳಿಯುವುದಿಲ್ಲ. ಒದ್ದೆಯಾದ ಕಾಗದದ ಮಡಿಕೆಯನ್ನು ಎಳೆದು ಬಿಚ್ಚಬೇಡಿ. ಎರಡು ಪದರ ಪೇಪರಿನ ನಡುವೆ ಇಟ್ಟು ಫ್ಯಾನಿನ ಕೆಳಗೆ ಒಣಗಿಸಿ, ಆಮೇಲೆ ಅದು ತಾನೇ ಬಿಡುತ್ತದೆ. ಬಾಲ್‌ಪೆನ್ನಿನ ಶಾಯಿ ಎಣ್ಣೆಯದ್ದಾದ್ದರಿಂದ ನಿಲ್ಲುತ್ತದೆ, ಜೆಲ್ ಪೆನ್ನಿನದ್ದು ಕರಗಿ ಹೋಗಿರಬಹುದು.

ಅಂಗಡಿಯವರ ಜೊತೆ ಜಟಾಪಟಿ ಹೆಚ್ಚುವುದು ಜೂನ್ ಶುರುವಿನಲ್ಲಿ. ಬಯಲಲ್ಲಿ, ಮರದಡಿ ಮಲಗುತ್ತಿದ್ದವರೆಲ್ಲ ಮಳೆಗೆ ಮಾಡು ಹುಡುಕಿ ಜಗಲಿಗೆ ಬರುತ್ತಾರೆ. ಅದೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಊರಿಗೆ ಹೋಗಲಾಗದವರು ದಕ್ಕೆಯ ಕೂಲಿಯೂ ಇಲ್ಲದೆ ಉಳಿಯುತ್ತಾರೆ. ಗಂಟುಗಳ ಸಂಖ್ಯೆ ಹೆಚ್ಚಾದಂತೆ ಕಂಡರೆ ಕಾರಣ ಇದು.

ಹಾಗಾದರೆ ಅಂಗಡಿಯವರು ಏನು ಮಾಡಬೇಕು? ಮೊದಲು ಸುರಕ್ಷತೆಯ ಮಾತು, ಯಾಕೆಂದರೆ 2022ರ ನವೆಂಬರಿನಲ್ಲಿ ಕಂಕನಾಡಿಯ ಹತ್ತಿರ ಆಟೊದಲ್ಲಿ ಕುಕ್ಕರ್ ಸ್ಫೋಟವಾದ ಮೇಲೆ ಚೀಲ ಕಂಡರೆ ಜನ ಹೆದರುವುದರಲ್ಲಿ ತಪ್ಪಿಲ್ಲ. ನಿನ್ನೆಯವರೆಗೆ ಇಲ್ಲದ, ಯಾರದೆಂದು ಅಕ್ಕಪಕ್ಕದವರಿಗೂ ಗೊತ್ತಿಲ್ಲದ, ಬೀಗ ಹಾಕಿದ, ಭಾರದ, ತಂತಿ ಕಾಣುವ ಬ್ಯಾಗಾದರೆ ಮುಟ್ಟಬೇಡಿ, ದೂರ ನಿಂತು 112ಕ್ಕೆ ಫೋನ್ ಮಾಡಿ. ಸ್ವಲ್ಪ ಅನುಮಾನವಿದ್ದರೂ ಹಾಗೆಯೇ ಮಾಡಿ. ವಾರಗಟ್ಟಲೆ ಅದೇ ಮೂಲೆಯಲ್ಲಿ ಕಾಣುವ ಬೆಡ್‌ಶೀಟಿನ ಗಂಟು ಯಾರದೆಂದು ಎದುರಿನ ಗೂಡಂಗಡಿಯವನಿಗೆ ಗೊತ್ತಿರುತ್ತದೆ. ಕೇಳಿ.

ಆಮೇಲೆ, ರಾತ್ರಿ ಅಂಗಡಿ ಮುಚ್ಚುವಾಗ ಎರಡು ನಿಮಿಷ ನಿಂತು ಮಲಗಲು ಬಂದವನ ಹತ್ತಿರ ಹೆಸರು ಕೇಳಿ, "ಅಣ್ಣ, ಬೆಳಿಗ್ಗೆ ಏಳರ ಒಳಗೆ ಸಾಮಾನು ಈ ಬದಿಗೆ ಇಡು" ಎಂದು ಒಂದು ಜಾಗ ತೋರಿಸಿ. ಕೋಪದಿಂದ ಹೇಳಿದ್ದಕ್ಕಿಂತ ಇದು ಬೇಗ ನಡೆಯುತ್ತದೆ. ಜಾಗವೇ ಇಲ್ಲವೆಂದರೆ, ಇಂಥ ದಿನದಿಂದ ಇಡುವಂತಿಲ್ಲ ಎಂದು ಮೂರು ನಾಲ್ಕು ದಿನ ಮುಂಚೆ ಹೇಳಿ. ನಿಮ್ಮ ಜಗಲಿ ನಿಮ್ಮದೇ, ಬಿಟ್ಟುಕೊಡಿ ಎಂದು ಯಾರೂ ಹೇಳುತ್ತಿಲ್ಲ.

ಎರಡು ಮೂರು ದಿನ ಯಾರೂ ಬಾರದ ಗಂಟಾದರೆ ಆತ ಆಸ್ಪತ್ರೆಯಲ್ಲಿ ಇರಬಹುದು. 108ರಲ್ಲಿ ಹೋದವರ ಗಂಟು ಜೊತೆಗೆ ಹೋಗುವುದು ಕಡಿಮೆ. ಆಗ ಕೈಗವಸು ಹಾಕಿಕೊಂಡು, ಇನ್ನೊಬ್ಬರನ್ನು ಎದುರಿಗೆ ನಿಲ್ಲಿಸಿಕೊಂಡು ಬಿಚ್ಚಿ. ಅನ್ನ, ಹಣ್ಣು ಇದ್ದರೆ ತೆಗೆದು ಬಿಸಾಡಿ, ಅದಕ್ಕೇ ಇಲಿ ಬರುವುದು. ಇಲಿಯ ಮೂತ್ರ ತಾಗಿದ ಒದ್ದೆ ಬಟ್ಟೆಯಿಂದ ಇಲಿ ಜ್ವರ ಹರಡಬಹುದು, ಕೈಯಲ್ಲಿ ಗಾಯವಿದ್ದವರು ಈ ಕೆಲಸಕ್ಕೆ ಇಳಿಯಬೇಡಿ. ಕಾಗದ, ಮಾತ್ರೆ, ಫೋಟೊ, ದುಡ್ಡು ಒಂದು ಕವರಿಗೆ ಹಾಕಿ, ಪಟ್ಟಿ ಬರೆದು, ಠಾಣೆಗೋ ಆಶ್ರಯ ಕೇಂದ್ರಕ್ಕೋ ಮುಟ್ಟಿಸಿ, ಕೊಟ್ಟದ್ದಕ್ಕೆ ಒಂದು ಸಹಿ ತೆಗೆದುಕೊಳ್ಳಿ. ಆಧಾರಿನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಮಾತ್ರ ಹಾಕಬೇಡಿ. ಬಟ್ಟೆಯನ್ನು ಗೋಣಿಯಲ್ಲಿ ಕಟ್ಟಿ, ಸಿಕ್ಕಿದ ಜಾಗ, ತಾರೀಕು, ನಿಮ್ಮ ಫೋನ್ ನಂಬರು ಬರೆದ ಚೀಟಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಾಯಿಗೆ ಬಿಗಿಯಿರಿ. ಜೆಲ್ ಪೆನ್ ಬೇಡ, ಬಾಲ್‌ಪೆನ್ನಿನಲ್ಲೇ ಬರೆಯಿರಿ.