ಡೌನ್‌ಹಿಲ್ ಸೈಕಲ್ ಮತ್ತು 20 ಮಿಲಿಮೀಟರಿನ ಲೆಕ್ಕ

ಎರಡು ಮೀಟರ್ ಎತ್ತರದಿಂದ ತಲೆ ನೆಲಕ್ಕೆ ಬಡಿಯಿತು ಅಂದುಕೊಳ್ಳಿ. ನೆಲ ಮುಟ್ಟುವ ಹೊತ್ತಿಗೆ ವೇಗ ಗಂಟೆಗೆ ಸುಮಾರು 22 ಕಿಲೋಮೀಟರ್. ಆ ವೇಗ ಸೊನ್ನೆಗೆ ಇಳಿಯಲು ಎಷ್ಟು ಜಾಗ ಸಿಗುತ್ತದೆ ಅನ್ನುವುದೇ ಇಲ್ಲಿ ಮುಖ್ಯ. 2 ಮಿಲಿಮೀಟರ್ ಸಿಕ್ಕರೆ ತಲೆಯ ಮೇಲೆ ಗುರುತ್ವದ 1000 ಪಟ್ಟು ಹೊರೆ ಬೀಳುತ್ತದೆ. 20 ಮಿಲಿಮೀಟರ್ ಸಿಕ್ಕರೆ 100 ಪಟ್ಟು. ಲೆಕ್ಕ ಸುಲಭ: ಬಿದ್ದ ಎತ್ತರವನ್ನು ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿದರಾಯಿತು. ಅಮೆರಿಕದ ಸೈಕಲ್ ಹೆಲ್ಮೆಟ್ ನಿಯಮದಲ್ಲೂ ಸಪಾಟು ಉಕ್ಕಿನ ಮೇಲೆ ಬೀಳಿಸುವ ಎತ್ತರ ಇದೇ 2 ಮೀಟರ್. ಅಲ್ಲಿ ಹೊರೆ 300 ಪಟ್ಟು ದಾಟುವಂತಿಲ್ಲ.

ಡೌನ್‌ಹಿಲ್‌ಗೆ, ಅಂದರೆ ಗುಡ್ಡದ ಒರಟು ಇಳಿಜಾರಿನಲ್ಲಿ ಸೈಕಲ್ ಓಡಿಸುವುದಕ್ಕೆ, ಅಂತ ಹೆಲ್ಮೆಟ್, ಪ್ಯಾಡ್ ಕೊಳ್ಳುವಾಗ ನಿಜವಾಗಿ ಕೊಳ್ಳುವುದು ಈ ಕೆಲವು ಮಿಲಿಮೀಟರ್‌ಗಳನ್ನು. ಪೆಟ್ಟು ಬೀಳುವ ಗಳಿಗೆಯಲ್ಲಿ ಅವು ಪೆಟ್ಟು ಬೀಳುವ ಜಾಗದಲ್ಲೇ ಇರಬೇಕು. ಎಷ್ಟೇ ದಪ್ಪದ ಪ್ಯಾಡ್ ಆದರೂ ಆ ಹೊತ್ತಿಗೆ ಜಾರಿ ಪಕ್ಕಕ್ಕೆ ಹೋಗಿದ್ದರೆ ಏನು ಬಂತು?

ಇಳಿಜಾರಿನಲ್ಲಿ 40 ಕಿಲೋಮೀಟರ್ ವೇಗ ಮಾಮೂಲಿ, 22ರ ಲೆಕ್ಕ ಸಾಕಾ ಅಂತ ಕೇಳಬಹುದು. ನೆಲಕ್ಕೆ ಬಿದ್ದು ಉಜ್ಜಿಕೊಂಡು ಹೋಗುವಾಗ ಮುಂದಕ್ಕಿರುವ ವೇಗ ಒಮ್ಮೆಗೇ ನಿಲ್ಲುವುದಿಲ್ಲ. ಪೆಟ್ಟಿನ ಬಹುಪಾಲು ಬರುವುದು ಮೇಲಿಂದ ಕೆಳಕ್ಕೆ ಬಿದ್ದ ವೇಗದಿಂದ. ಮರಕ್ಕೋ ಬಂಡೆಗೋ ನೇರವಾಗಿ ಗುದ್ದಿದರೆ ಮಾತೇ ಬೇರೆ. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಅದನ್ನು ತಡೆಯುವಷ್ಟು ದಪ್ಪದ ಹೆಲ್ಮೆಟ್ ಹೊತ್ತು ಯಾರೂ ಸೈಕಲ್ ಓಡಿಸಲಾರರು.

ಹೆಲ್ಮೆಟ್ಟಿನಲ್ಲಿ ಪೆಟ್ಟು ನುಂಗುವುದು ಹೊಳೆಯುವ ಹೊರಕವಚಕ್ಕಿಂತ ಜಾಸ್ತಿ ಒಳಗಿನ ಫೋಮ್. ಅದು ನಾವು ಥರ್ಮಾಕೋಲ್ ಅನ್ನುವ ವಸ್ತುವೇ, ಇನ್ನಷ್ಟು ಒತ್ತಾಗಿ ಮಾಡಿದ್ದು. ಪೆಟ್ಟು ಬಿದ್ದಾಗ ಅದರೊಳಗಿನ ಸಣ್ಣ ಗಾಳಿಗೂಡುಗಳು ಜಜ್ಜಿಹೋಗುತ್ತವೆ, ಶಕ್ತಿ ಅಲ್ಲೇ ಖರ್ಚಾಗುತ್ತದೆ. ಜಜ್ಜಿದ್ದು ಮತ್ತೆ ಮೊದಲಿನಂತೆ ಉಬ್ಬುವುದಿಲ್ಲ. ಅದಕ್ಕೇ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಬದಲಿಸಬೇಕು. ಯಾರೋ ಬಳಸಿದ ಹೆಲ್ಮೆಟ್ ಕಮ್ಮಿಗೆ ಸಿಕ್ಕಿತು ಅಂತ ಕೊಳ್ಳಬೇಡಿ. ಅದು ಎಷ್ಟು ಸಲ ಬಿದ್ದಿದೆಯೋ ಯಾರಿಗೆ ಗೊತ್ತು.

ಡೌನ್‌ಹಿಲ್‌ಗೆ ಗದ್ದ, ಹಲ್ಲು, ಮೂಗು ಮುಚ್ಚುವ ಫುಲ್‌ಫೇಸ್ ಹೆಲ್ಮೆಟ್ಟೇ ಬೇಕು. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ತನ್ನ ಡೌನ್‌ಹಿಲ್ ರೇಸ್‌ಗಳಲ್ಲಿ ಇದನ್ನು ಕಡ್ಡಾಯ ಮಾಡಿದೆ. ಆದರೆ ಗದ್ದದ ಮುಂದೆ ಒಂದು ಪಟ್ಟಿ ಇದ್ದ ಮಾತ್ರಕ್ಕೆ ಅದು ಗಟ್ಟಿ ಅಂತ ಅರ್ಥ ಅಲ್ಲ. ಯುರೋಪಿನ ಸಾಮಾನ್ಯ ಸೈಕಲ್ ಹೆಲ್ಮೆಟ್ ಮಾನದಂಡ ಇಎನ್ 1078ರಲ್ಲಿ ಗದ್ದದ ಪಟ್ಟಿಯ ಪರೀಕ್ಷೆಯೇ ಇಲ್ಲ. ಡೌನ್‌ಹಿಲ್‌ಗೆಂದೇ ಬರೆದ ಅಮೆರಿಕದ ಮಾನದಂಡ ಎಎಸ್‌ಟಿಎಂ ಎಫ್1952ರಲ್ಲಿ ಇದೆ. ಹೆಲ್ಮೆಟ್ ತಿರುಗಿಸಿ ಒಳಗಿನ ಚೀಟಿ ಓದಿ. ಎಫ್1952 ಅಂತ ಕಾಣದಿದ್ದರೆ ಕೆಳಗಿಡಿ.

ನೇರ ಪೆಟ್ಟಷ್ಟೇ ಅಲ್ಲ, ತಿರುಚು ಪೆಟ್ಟೂ ಇದೆ. 1943ರಲ್ಲಿ ಆಕ್ಸ್‌ಫರ್ಡ್‌ನ ಭೌತವಿಜ್ಞಾನಿ ಹಾಲ್ಬೋರ್ನ್, ಜೆಲಾಟಿನ್‌ನಲ್ಲಿ ಮಿದುಳಿನ ಮಾದರಿ ಮಾಡಿ ತಿರುಗಿಸಿ ನೋಡಿದರು. ಮಿದುಳನ್ನು ಹಿಂಡಿ ಕುಗ್ಗಿಸುವುದು ಬಹಳ ಕಷ್ಟ, ಆದರೆ ತಲೆ ಗಕ್ಕನೆ ತಿರುಗಿದರೆ ಅದರ ಪದರಗಳು ಒಂದರ ಮೇಲೊಂದು ಜಾರಿ ಹರಿಯುತ್ತವೆ ಅನ್ನುವುದು ಅವರ ವಾದ. ಸೈಕಲ್ಲಿನಿಂದ ಬಿದ್ದಾಗ ತಲೆ ನೆಲಕ್ಕೆ ಓರೆಯಾಗಿ ತಾಗುವುದೇ ಜಾಸ್ತಿ, ಅಲ್ವಾ? ಆದರೂ ಹೆಲ್ಮೆಟ್ ಪರೀಕ್ಷೆಗಳು ದಶಕಗಳ ಕಾಲ ನೇರ ಪೆಟ್ಟನ್ನಷ್ಟೇ ಅಳೆದವು. 1990ರ ದಶಕದಲ್ಲಿ ಸ್ವೀಡನ್ನಿನ ನರಶಸ್ತ್ರವೈದ್ಯ ಹ್ಯಾನ್ಸ್ ಫಾನ್ ಹೋಲ್ಸ್ಟ್ ಮತ್ತು ಸಂಶೋಧಕ ಪೀಟರ್ ಹಾಲ್ದಿನ್ ಇದರ ಬೆನ್ನು ಹತ್ತಿದರು. ಅದರಿಂದ ಹುಟ್ಟಿದ್ದೇ ಮಿಪ್ಸ್: ಹೆಲ್ಮೆಟ್ಟಿನೊಳಗೆ 10ರಿಂದ 15 ಮಿಲಿಮೀಟರ್ ಜಾರುವ ತೆಳು ಪದರ. ಈಗ ಇದೇ ಕೆಲಸ ಮಾಡುವ ಬೇರೆ ವಿಧಾನಗಳೂ ಇವೆ. ಯಾವುದೋ ಒಂದು ಇರಲಿ ಅನ್ನುವುದು ನನ್ನ ಮಾತು.

ಇಷ್ಟೆಲ್ಲ ಇದ್ದೂ ಅಳತೆ ತಪ್ಪಿದರೆ ದಂಡ. ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ಎರಡೂ ಕೈಯಲ್ಲಿ ಹಿಡಿದು ಎಡಬಲಕ್ಕೆ ತಿರುಗಿಸಿ. ಅದರ ಜೊತೆ ಕೆನ್ನೆ, ಹಣೆಯ ಚರ್ಮವೂ ಸರಿಯಬೇಕು. ಚರ್ಮ ಅಲ್ಲೇ ಇದ್ದು ಹೆಲ್ಮೆಟ್ ಮಾತ್ರ ತಿರುಗಿದರೆ ದೊಡ್ಡದಾಯಿತು. ಆಮೇಲೆ ಹಿಂದಿನ ಕೆಳ ಅಂಚಿಗೆ ಬೆರಳು ಕೊಟ್ಟು ಮುಂದಕ್ಕೆ ಎತ್ತಿ ನೋಡಿ, ಕಳಚಿ ಬರಬಾರದು. ಹೊಸದರಲ್ಲಿ ಕೆನ್ನೆ ಸ್ವಲ್ಪ ಒತ್ತಿದರೆ ಚಿಂತೆ ಬೇಡ, ದಿಂಬು ಬಳಸುತ್ತಾ ಹೊಂದಿಕೊಳ್ಳುತ್ತದೆ. ಹಣೆಯಲ್ಲಿ ಒಂದೇ ಕಡೆ ನೋಯುತ್ತಿದ್ದರೆ ಆಕಾರವೇ ನಿಮ್ಮ ತಲೆಗೆ ಒಗ್ಗುತ್ತಿಲ್ಲ. ಗಾಗಲ್ಸ್ ಇದ್ದರೆ ಹಾಕಿಕೊಂಡೇ ನೋಡಿ.

ಮೊಣಕಾಲು, ಮೊಣಕೈ ಪ್ಯಾಡಿಗೆ ಇಎನ್ 1621-1 ಅನ್ನುವ ಮಾನದಂಡ ಇದೆ. ಮೂಲತಃ ಮೋಟಾರ್‌ಸೈಕಲ್ ಸವಾರರದ್ದು, ಅದಕ್ಕೇ ಚೀಟಿಯಲ್ಲಿ ಬೈಕ್ ಸವಾರನ ಚಿತ್ರ ಕಾಣುತ್ತದೆ. ಪ್ಯಾಡಿನ ಮೇಲೆ 50 ಜೂಲ್ ಪೆಟ್ಟು ಹಾಕುತ್ತಾರೆ, ಅಂದರೆ 5 ಕಿಲೋ ತೂಕ ಸುಮಾರು 1 ಮೀಟರ್ ಮೇಲಿಂದ ಬಿದ್ದ ಹಾಗೆ. ಪ್ಯಾಡ್ ದಾಟಿ ಹಿಂಬದಿಗೆ ಬರುವ ಬಲದ ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಲೆವೆಲ್ 1, 20 ಮೀರದಿದ್ದರೆ ಲೆವೆಲ್ 2. ಆ 20 ಕೂಡ ಎರಡು ಟನ್ ತೂಕದಷ್ಟು ಬಲ, ಕಣ್ಣುಮುಚ್ಚಿ ತೆರೆಯುವುದಕ್ಕೂ ಮೊದಲೇ ಬಂದು ಹೋಗುವಂಥದ್ದು. ಹಾಗಾಗಿ ಲೆವೆಲ್ 2 ಹಾಕಿದ್ದೇನೆ, ಮೂಳೆ ಮುರಿಯಲ್ಲ ಅಂದುಕೊಳ್ಳುವಂತಿಲ್ಲ.

ಡಿ3ಒ ಥರದ ಮೆದು ಪ್ಯಾಡ್‌ಗಳನ್ನು ಬೆರಳಲ್ಲಿ ಮೆಲ್ಲಗೆ ಒತ್ತಿದರೆ ತಗ್ಗುತ್ತವೆ, ಜೋರಾಗಿ ಗುದ್ದಿದರೆ ಗಟ್ಟಿಯಾಗುತ್ತವೆ. ಪೆಡಲ್ ತುಳಿಯಲು ಹಾಯಾಗಿರುತ್ತದೆ. ಚಳಿಯಲ್ಲಿ ಇಂಥ ವಸ್ತು ಬಿರುಸಾಗುವುದುಂಟು, ಚೀಟಿಯಲ್ಲಿ ‘ಟಿ−’ ಗುರುತು ಇದ್ದರೆ ಮೈನಸ್ 10 ಡಿಗ್ರಿಯಲ್ಲೂ ಪರೀಕ್ಷೆ ಆಗಿದೆ ಅಂತ. ಕಲ್ಲು ಜಾಸ್ತಿ ಇರುವ ದಾರಿಗೆ ನನ್ನ ಓಟು ಗಟ್ಟಿ ಪ್ಲಾಸ್ಟಿಕ್ ಚಿಪ್ಪಿಗೆ. ಚೂಪು ಕಲ್ಲಿನ ಪೆಟ್ಟನ್ನು ಅದು ಅಗಲಕ್ಕೆ ಹಂಚುತ್ತದೆ. ಜೊತೆಗೆ ಬಂಡೆಯ ಮೇಲೆ ಜಾರುತ್ತದೆ, ಕಚ್ಚಿಕೊಂಡು ಕಾಲನ್ನು ತಿರುಚುವುದಿಲ್ಲ. ಫ್ಲಾಟ್ ಪೆಡಲ್ ಬಳಸುವವರಿಗೆ ಕಣಕಾಲಿನ ಮುಂಭಾಗವೂ ಮುಚ್ಚಿದರೆ ಒಳ್ಳೆಯದು. ಶೂ ಜಾರದಿರಲಿ ಅಂತ ಪೆಡಲ್ ಮೇಲೆ ಲೋಹದ ಪಿನ್‌ಗಳಿರುತ್ತವೆ. ಕಾಲು ತಪ್ಪಿ ಪೆಡಲ್ ಗಿರ್ರನೆ ತಿರುಗಿದಾಗ ಅವು ಚರ್ಮ ಸುಲಿದುಬಿಡುತ್ತವೆ.

ಪ್ಯಾಡ್ ಹಾಕಿ ಸುಮ್ನೆ ನಿಂತು ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹತ್ತಾರು ಸಲ ಕೂತು ಎದ್ದು, ಪೆಡಲ್ ತುಳಿದಂತೆ ಕಾಲಾಡಿಸಿ, ನೆಲಕ್ಕೆ ಮಂಡಿಯೂರಿ ಹಿಂದೆ ಮುಂದೆ ಉಜ್ಜಿ. ಬಟ್ಟಲು ಮಂಡಿಚಿಪ್ಪಿನ ಮೇಲೆಯೇ ಉಳಿದರೆ ತಗೊಳ್ಳಿ. ಮೀನಖಂಡಕ್ಕೆ ಜಾರಿದರೆ ಅಳತೆ ಬದಲಿಸಿ.

ಇನ್ನು ಗೇರ್‌ನಿಂದ ಆಗದ ಕೆಲಸ. ಭುಜದ ಪ್ಯಾಡ್ ತರಚು ಗಾಯ ತಪ್ಪಿಸುತ್ತದೆ, ಕಾಲರ್ ಬೋನ್ ಉಳಿಸುವ ಭರವಸೆ ಕಮ್ಮಿ. ಭುಜದ ಪಕ್ಕಕ್ಕೆ ಬಿದ್ದ ಬಲ ಆ ಮೂಳೆಯ ಉದ್ದಕ್ಕೂ ಹರಿದು ಅದನ್ನು ಮುರಿಯುತ್ತದೆ, ಮೇಲಿನ ದಿಂಬಿಗೆ ಅಲ್ಲಿ ದೊಡ್ಡ ಪಾತ್ರವಿಲ್ಲ. ಬೆನ್ನಿನ ಪ್ಯಾಡೂ ಅಷ್ಟೇ. ಬಂಡೆಯ ಮೂಲೆ ಚುಚ್ಚದಂತೆ ಕಾಯುತ್ತದೆ, ಆದರೆ ತಲೆ ಅಥವಾ ಕುಂಡೆ ನೆಲಕ್ಕೆ ಕುಟ್ಟಿ ಬೆನ್ನೆಲುಬು ಒತ್ತಿಹೋಗುವುದನ್ನು ತಡೆಯಲಾರದು. ದಕ್ಷಿಣ ಆಫ್ರಿಕಾದ ವೈದ್ಯ ಕ್ರಿಸ್ ಲಿಯಾಟ್ ರೂಪಿಸಿದ ಕುತ್ತಿಗೆಪಟ್ಟಿ ಹೆಲ್ಮೆಟ್ಟಿನ ಅಂಚಿನಿಂದ ಬಲವನ್ನು ಭುಜ, ಎದೆಗೆ ದಾಟಿಸುತ್ತದೆ. ಉಪಾಯವೇನೋ ಸರಿ, ಸವಾರರಲ್ಲಿ ಇದರ ಬಗ್ಗೆ ಎರಡು ಮಾತಿದೆ. ಹಾಕುವುದಾದರೆ ಹೆಲ್ಮೆಟ್ ಜೊತೆಗೇ ಹಾಕಿ ನೋಡಿ ಆರಿಸಿ. ತಲೆ ಎತ್ತಿ ದೂರದ ದಾರಿ ನೋಡಲು ಅದು ಅಡ್ಡ ಬರಬಾರದು.

ಗ್ಲೌಸ್ ಆರಿಸುವಾಗ ಬ್ರೇಕ್ ಲಿವರ್ ಹಿಡಿದು ನೋಡಿ. ಒಂದು ಬೆರಳಲ್ಲೇ ಬ್ರೇಕ್ ಹಾಕುವವರಿಗೆ ದಪ್ಪ ಅಂಗೈ ತೊಡಕು. ಒಗೆಯುವಾಗ ಪ್ಯಾಡಿನ ಫೋಮ್ ತೆಗೆಯುವಂತಿದ್ದರೆ ತೆಗೆದಿಡಿ, ಹೆಲ್ಮೆಟ್ಟಿನ ದಿಂಬುಗಳನ್ನು ಬಿಚ್ಚಿ ತೊಳೆಯಿರಿ. ಯಾವುದನ್ನೂ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಡಬೇಡಿ, ಶಾಖಕ್ಕೆ ಫೋಮ್ ಕೆಡುತ್ತದೆ.