ಡ್ಯುಪ್ಲೆಕ್ಸ್: ಇಮ್ಮಡಿ ಸರಿ, ಏನು ಇಮ್ಮಡಿ?

ಮೊನ್ನೆ ಇಲ್ಲಿ ಪುಣೆಯ ಕೋಥ್ರೂಡಲ್ಲಿ ನಮ್ಮ ಸೊಸೈಟಿಯ ರಿಡೆವಲಪ್ಮೆಂಟ್ (ಹಳೇ ಕಟ್ಟಡ ಕೆಡವಿ ಹೊಸದು ಕಟ್ಟೋ) ಮೀಟಿಂಗಲ್ಲಿ ಧಾರವಾಡದವ್ರೇ ಒಬ್ರು ಎದ್ದು "ಅಮೆರಿಕಾದಲ್ಲಿ ಮನೆ ಸಾಲ್ದೇ ಡ್ಯುಪ್ಲೆಕ್ಸ್ ಕಟ್ತಿದ್ದಾರಂತೆ, ಮೇಲಿನ ಎರಡು ಫ್ಲೋರ್ ನಾವೂ ಹಂಗೇ ಮಾಡ್ಸೋಣ" ಅಂದ್ರು. ಈ ವರ್ಷ ಇದು ನಾಲ್ಕನೇ ಸಲ ಕೇಳ್ತಿರೋದು. ಇವ್ರ ಲೆಕ್ಕದಲ್ಲಿ ಡ್ಯುಪ್ಲೆಕ್ಸ್ ಅಂದ್ರೆ ಒಂದೇ ಸಂಸಾರಕ್ಕೆ ಎರಡು ಫ್ಲೋರು. ಮನೆ ಸಾಲ್ದಿದ್ದಾಗ ಹಂಗೆ ಕೊಟ್ರೆ ಕೊರತೆ ಹೆಚ್ಚಾಗುತ್ತೆ ಕಣ್ರೀ.

ಲ್ಯಾಟಿನ್‌ನಲ್ಲಿ ಡುಯೋ ಅಂದ್ರೆ ಎರಡು, ಪ್ಲೆಕ್ಸ್ ಅನ್ನೋದು ಮಡಿಕೆ. ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಟ್ಟಿಸೋ ಕಷ್ಟವೇ ಇಲ್ಲ, ಇರ್ ಸೇರಿ ಮಡಿ, ಇಮ್ಮಡಿ, ಅದೇ ಇಮ್ಮಡಿ ಪುಲಕೇಶಿಯ ಇಮ್ಮಡಿ. ಪಂಚೆ ಮಡಿಚ್ತೀವಲ್ಲ ಆ ಮಡಿ (ಅಜ್ಜಿಯ ಮಡಿ-ಮೈಲಿಗೆ ಇಲ್ಲಿಗೆ ತರ್ಬೇಡಿ). ರಕ್ತಸಂಬಂಧ ಇಲ್ದಿರೋ ಎರಡು ಭಾಷೆಗಳು ಎಷ್ಟು ಪಟ್ಟು ಅಂತ ಎಣಿಸೋಕೆ ಮಡಿಕೆನೇ ಹಿಡ್ಕೊಂಡಿವೆ, ನಂಗಂತೂ ಇದು ಬಹಳ ಖುಷಿ ಕೊಡುತ್ತೆ. ಆದ್ರೆ ಇಮ್ಮಡಿ ಆಗಿದ್ದು ಏನು ಅಂತ ಪದ ಹೇಳಲ್ಲ, ಎಡವಟ್ಟೆಲ್ಲಾ ಅಲ್ಲೇ.

ನಮ್ಮ ಬಿಲ್ಡರ್‌ಗಳ ಬ್ರೋಶರಲ್ಲಿ ಇಮ್ಮಡಿ ಆಗೋದು ಫ್ಲೋರು. ನ್ಯೂಯಾರ್ಕ್ ಫ್ಲ್ಯಾಟುಗಳಲ್ಲೂ ಹಂಗೇ, ಆದ್ರಿಂದ ಪೂರ್ತಿ ತಪ್ಪು ಅನ್ನಲ್ಲ. ಅಮೆರಿಕಾ, ಕೆನಡಾದ ಬೇರೆ ಊರುಗಳಲ್ಲಿ ಸಾಮಾನ್ಯವಾಗಿ ಇಮ್ಮಡಿ ಆಗೋದು ಸಂಸಾರ: ಒಂದೇ ಸೈಟು, ಒಂದೇ ಕಟ್ಟಡ, ಬೇರೆ ಬೇರೆ ಬಾಗಿಲು, ಬೇರೆ ಬೇರೆ ಅಡಿಗೆಮನೆ, ಮೇಲೆ-ಕೆಳಗೆ ಆದ್ರೂ ಸರಿ, ಅಕ್ಕಪಕ್ಕ ಆದ್ರೂ ಸರಿ. 2018ರಲ್ಲಿ ಕೆನಡಾದ ವ್ಯಾಂಕೂವರ್, 2019ರಲ್ಲಿ ಅಮೆರಿಕಾದ ಒರೆಗಾನ್ ರಾಜ್ಯ, ಒಂಟಿ ಮನೆಗಷ್ಟೇ ಮೀಸಲಿದ್ದ ಏರಿಯಾಗಳಲ್ಲಿ ಒಪ್ಪಿಗೆ ಕೊಟ್ಟಿದ್ದು ಇದಕ್ಕೆ. ಜೆಂಟಲ್ ಡೆನ್ಸಿಟಿ (ಬೀದಿಯ ಚಹರೆ ಕೆಡಿಸ್ದೇ ಮನೆ ಹೆಚ್ಚಿಸೋದು) ಅನ್ನೋದೂ ಇಂಥದ್ದನ್ನೇ, ಬೀದೀಲಿ ನಿಂತು ನೋಡಿದ್ರೆ ಪಕ್ಕದ ಮನೆಯಷ್ಟೇ ಎತ್ತರ, ಒಳಗೆ ಮಾತ್ರ ಎರಡು ಕುಟುಂಬ. ಪ್ರಭಾತ್ ರೋಡಲ್ಲಿ ಬಂಗ್ಲೆ ಕೆಡವಿ ಅಪಾರ್ಟ್‌ಮೆಂಟ್ ಏಳೋದಕ್ಕೆ ಈ ಹೆಸರು ಹಚ್ಬೇಡಿ.

ಡಿಸೈನಲ್ಲಿ ದೊಡ್ಡ ತಲೆನೋವು ಸದ್ದು. ಅಲ್ಲಿ ಮನೆಗಳು ಹೆಚ್ಚಾಗಿ ಮರದ ಚೌಕಟ್ಟಿನವು, ಮೇಲೆ ಮಗು ಓಡಿದ್ರೆ ಕೆಳಗೆ ಗುಡುಗು, ಅದಕ್ಕೇ ನಡುವೆ ಸದ್ದು ಹೀರೋ ಪದರ ತುಂಬ್ತಾರೆ, ಅಕ್ಕಪಕ್ಕದ್ದಾದ್ರೆ ನಡುಗೋಡೆ ಕಡೆ ಬೆಡ್‌ರೂಮ್ ಬದಲು ಮೆಟ್ಟಿಲು, ಬಾತ್‌ರೂಮ್ ಇಟ್ರೆ ಒಳ್ಳೇದು. ಅಡಿಗೆಮನೆ ಮೇಲೇ ಅಡಿಗೆಮನೆ ಬಂದ್ರೆ ಪೈಪಿನ ಖರ್ಚೂ ಉಳಿಯುತ್ತೆ.

ಪುಣೆಯ ಟ್ವಿನ್ ಬಂಗ್ಲೆ (ನಡುಗೋಡೆ ಹಂಚ್ಕೊಂಡಿರೋ ಜೋಡಿ ಮನೆ) ಇದೇ ಜಾತಿ. ಮೀಟಿಂಗಲ್ಲಿ ಎದ್ದವ್ರ ಧಾರವಾಡದ ಮನೇನೂ ಅಷ್ಟೇ, ಹೊರಗಿನಿಂದ ಮೆಟ್ಟಿಲು, ಮೇಲೆ ಬಾಡಿಗೆಗೆ ಬ್ಯಾಂಕಿನವ್ರು, ಎರಡು ಕರೆಂಟ್ ಮೀಟರು, ಅದನ್ನ ಮಾತ್ರ ಅವ್ರು ಡ್ಯುಪ್ಲೆಕ್ಸ್ ಅನ್ನಲ್ಲ.